ಹಿಂದೆ ಕೂತವರ ದನಿ

ಧಾರವಾಡದ ಶುಕ್ರವಾರಪೇಟೆಯಲ್ಲಿ ಅಂಬಾಬಾಯಿ ಅಂತ ಒಬ್ಬರು ಕರ್ನಾಟಕ ಸಂಗೀತ ಹಾಡುತ್ತಿದ್ದರು. ಹಿಂದುಸ್ತಾನಿ ಸಂಗೀತದ ಕಿರಾನಾ ಘರಾಣೆಯ (ಗಾಯನ ಪರಂಪರೆಯ) ದೊಡ್ಡ ಹೆಸರು ಅಬ್ದುಲ್ ಕರೀಂ ಖಾನರು ಅವರ ಮನೆಗೆ ಬಂದು ಕೂತು ಕೇಳುತ್ತಿದ್ದರು. ಖಾನ್ ಸಾಹೇಬರಿಗೆ ಕರ್ನಾಟಕ ಸಂಗೀತ ಅಂದರೆ ಬಹಳ ಪ್ರೀತಿ. ಅಲ್ಲಿಯ ಸ್ವರ ಹಾಡುವ ರೀತಿಯನ್ನು ತಮ್ಮ ಗಾಯನಕ್ಕೂ ತಂದುಕೊಂಡವರು. ಅಂಥವರು ಮನೆ ಬಾಗಿಲಿಗೆ ಬರುತ್ತಿದ್ದರು ಅಂದರೆ ಅಂಬಾಬಾಯಿಯ ಹಾಡಿನಲ್ಲಿ ಎಷ್ಟು ಕಸುವು ಇದ್ದಿರಬೇಕು!

ಅವರಿಗೆ ಒಬ್ಬಳು ಮಗಳು, ಮುಂದೆ ದೊಡ್ಡ ಹಿಂದುಸ್ತಾನಿ ಗಾಯಕಿ ಆದ ಗಂಗೂಬಾಯಿ. 1913ರ ಮಾರ್ಚ್ 5ರಂದು ಹುಟ್ಟಿದವಳು. ಬೀದಿಯಲ್ಲಿ ಗ್ರಾಮಫೋನ್ ದನಿ ಕೇಳಿದರೆ ಸಾಕು, ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಕೇಳಿದ್ದನ್ನು ಮನೆಗೆ ಬಂದು ಹಾಗೇ ಗುನುಗುತ್ತಿದ್ದಳು. ಅವಳ ಒಲವು ಹಿಂದುಸ್ತಾನಿಯ ಕಡೆಗೆ ಅಂತ ತಾಯಿಗೆ ಗೊತ್ತಾಯಿತು. ಮಗಳಿಗೆ ಪಾಠ ಶುರುವಾದ ಮೇಲೆ ಅಂಬಾಬಾಯಿ ತಮ್ಮ ಸಂಗೀತ ಹಾಡುವುದನ್ನು ನಿಲ್ಲಿಸಿಬಿಟ್ಟರು. ತಮ್ಮ ಕರ್ನಾಟಕ ಶೈಲಿ ಮಗಳ ಕಿವಿಗೆ ಬಿದ್ದು, ಅವಳ ಹಿಂದುಸ್ತಾನಿಯ ಜಾಡು ತಪ್ಪಬಾರದು ಅಂತ.

ಗಂಗೂಬಾಯಿ ಹಾನಗಲ್ಲರ ಬಗ್ಗೆ ಯಾರೇ ಬರೆದರೂ ಈ ಸಂಗತಿ ಒಂದು ಸಾಲಿನಲ್ಲಿ ಬರುತ್ತದೆ. "ಎಂಥ ತ್ಯಾಗ" ಅಂತ ಕೈ ಮುಗಿದು ಎಲ್ಲರೂ ಮುಂದಿನ ಪುಟಕ್ಕೆ ಹೋಗುತ್ತಾರೆ. ನನಗೆ ಆ ಸಾಲು ದಾಟಿ ಹೋಗಲು ಆಗುವುದೇ ಇಲ್ಲ. ದಿನಾ ಬೆಳಿಗ್ಗೆ ಎದ್ದು ಹಾಡುತ್ತಿದ್ದ ಹೆಂಗಸು, ಅದೇ ಮನೆಯಲ್ಲಿ, ಅದೇ ಗೋಡೆಗಳ ನಡುವೆ, ಗಂಟಲಿಗೆ ಬಂದ ಸ್ವರವನ್ನು ನುಂಗಿಕೊಂಡು ಒಲೆ ಮುಂದೆ ಕೂರುವುದು ಅಂದರೆ ಏನು? ಒಂದು ದಿನ ಸುಮ್ಮನಿರಬಹುದು. ಒಂದು ತಿಂಗಳೂ ಇರಬಹುದು. ಇದು ವರ್ಷಗಳ ಮಾತು.

ಇನ್ನೂ ಒಂದು ವಿಷಯ ಇದೆ. ಅಂಬಾಬಾಯಿಯದು ದೇವದಾಸಿ ಪರಂಪರೆಯ ಮನೆತನ. ಅಂಥ ಮನೆಗಳಲ್ಲಿ ಸಂಗೀತ ತಾಯಿಯಿಂದ ಮಗಳಿಗೆ ಬರುವ ಆಸ್ತಿ. ಹೊಲ ಗಂಡುಮಕ್ಕಳಿಗೆ ಹೋಗುವ ಹಾಗೆ ಅಲ್ಲಿ ಹಾಡು ಹೆಣ್ಣುಮಕ್ಕಳಿಗೆ ಹೋಗುತ್ತಿತ್ತು. ಅಂಬಾಬಾಯಿ ಆ ಆಸ್ತಿಯನ್ನು ಮಗಳಿಗೆ ದಾಟಿಸಲಿಲ್ಲ. ಬೇರೆಯವರ ಸಂಗೀತ ಅವಳಲ್ಲಿ ಬೇರು ಬಿಡಲಿ ಅಂತ ತಮ್ಮದನ್ನು ತಮ್ಮಲ್ಲೇ ಮುಗಿಸಿದರು. ಗುರು ಪರಂಪರೆ ಬರೆಯುವಾಗ ನಾವು ಅಬ್ದುಲ್ ಕರೀಂ ಖಾನ್, ಅವರ ಶಿಷ್ಯ ಸವಾಯಿ ಗಂಧರ್ವ, ಅವರ ಶಿಷ್ಯೆ ಗಂಗೂಬಾಯಿ ಅಂತ ಗೆರೆ ಎಳೆಯುತ್ತೇವೆ. ಆ ಗೆರೆಯಲ್ಲಿ ಅಂಬಾಬಾಯಿಗೆ ಜಾಗ ಇಲ್ಲ. ಆದರೆ ಅವರು ಸುಮ್ಮನಾಗದೆ ಇದ್ದಿದ್ದರೆ ಆ ಗೆರೆ ಈ ಮನೆಗೆ ಬರುತ್ತಲೇ ಇರಲಿಲ್ಲ.

ಸಂಗೀತಗಾರರ ಮನೆಯ ಬದುಕಿನ ಬಗ್ಗೆ ಮಾತು ಬಂದರೆ ಎರಡು ನಮೂನೆಯ ಮಾತು ಕೇಳಿಬರುತ್ತದೆ. ಒಂದು, ಯಾರು ಯಾರನ್ನು ಮದುವೆ ಆದರು, ಯಾರು ಯಾರನ್ನು ಬಿಟ್ಟರು ಅನ್ನುವ ಪಿಸುಮಾತು. ಇನ್ನೊಂದು, "ಅವರ ಹಾಡು ಕೇಳಿ ಸಾಕು, ಮನೆ ಸುದ್ದಿ ನಮಗ್ಯಾಕೆ" ಅನ್ನುವ ದೊಡ್ಡತನ. ಎರಡೂ ನನಗೆ ಹಿಡಿಸುವುದಿಲ್ಲ. ನಾವು ಕೇಳುವ ಹಾಡಿನ ಹಿಂದೆ ಯಾರದೋ ಸಮಯ ಇದೆ, ಯಾರದೋ ದುಡಿಮೆ ಇದೆ, ಎಷ್ಟೋ ಸಲ ಯಾರೋ ನುಂಗಿಕೊಂಡ ಹಾಡು ಇದೆ. ಅದನ್ನು ತಿಳಿದು ಕೇಳುವುದು ಬೇರೆ, ತಿಳಿಯದೆ ಕೇಳುವುದು ಬೇರೆ.

ಗಂಗೂಬಾಯಿಯ ಬಾಲ್ಯದ ಸುತ್ತ ಇದ್ದದ್ದು ಬ್ರಾಹ್ಮಣರ ಮನೆಗಳು. ಪಕ್ಕದ ತೋಟದಲ್ಲಿ ಮಾವಿನಕಾಯಿ ಕದ್ದು ಸಿಕ್ಕಿಬಿದ್ದದ್ದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕದ್ದಿದ್ದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲಾ ಅಂತ. ಹೆಸರು ಬಂದ ಮೇಲೆ ಅದೇ ಜನ ಮನೆಗೆ ಕರೆದು ಊಟಕ್ಕೆ ಹಾಕಿದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿ ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಇದ್ದಳು. ಹಾಡು ಮುಗಿದ ಮೇಲೆ ಅವಳ ತಲೆಯಲ್ಲಿ ಇದ್ದದ್ದು ಒಂದೇ ದಿಗಿಲು. ಉಂಡ ಎಲೆ ಎತ್ತು ಅಂತ ಎಲ್ಲಿ ಹೇಳಿಬಿಡುತ್ತಾರೋ! ಹಾಡಿ ಚಪ್ಪಾಳೆ ಗಿಟ್ಟಿಸಿದ ಮಗುವಿಗೆ ಈ ಭಯ ಯಾರೂ ಕೂರಿಸಿ ಕಲಿಸಿದ್ದಲ್ಲ. ಬೀದಿಯಲ್ಲಿ ಓಡಾಡುತ್ತಲೇ ಬಂದದ್ದು.

1928ರಲ್ಲಿ ಸಂಸಾರ ಹುಬ್ಬಳ್ಳಿಗೆ ಬಂತು. ಕಾರಣ ಮಗಳ ಸಂಗೀತವೇ. ಒಬ್ಬ ಹುಡುಗಿಯ ಪಾಠಕ್ಕಾಗಿ ಮನೆ ಬದಲಾಯಿಸುವುದು ಇವತ್ತೂ ದೊಡ್ಡ ಮಾತು, ಅಲ್ವಾ? ಮೊದಲು ಕೃಷ್ಣಾಚಾರ್ಯರ ಬಳಿ, ಆಮೇಲೆ ದತ್ತೋಪಂತ ದೇಸಾಯಿಯವರ ಬಳಿ ಪಾಠ ಆಯಿತು. ಸವಾಯಿ ಗಂಧರ್ವರ ಹತ್ತಿರವೂ ಕಲಿಕೆ ಶುರುವಾಯಿತು. ಆದರೆ ಅವರು ನಾಟಕ ಕಂಪನಿಯ ಜೊತೆ ಊರೂರು ಸುತ್ತುವವರು. ಈ ಕಡೆ ಬಂದಾಗ ಮಾತ್ರ ಪಾಠ.

ಮರುವರ್ಷ, ಹದಿನಾರನೇ ವಯಸ್ಸಿನಲ್ಲಿ, ಗುರುರಾವ್ ಕೌಲಗಿ ಅವರ ಬದುಕಿಗೆ ಬಂದರು. ವಕೀಲರು, ಬ್ರಾಹ್ಮಣರು. ಹಾಡುವ ಮನೆತನದ ಹುಡುಗಿಗೂ ಬ್ರಾಹ್ಮಣ ವಕೀಲರಿಗೂ ಸಂಬಂಧ ಅಂದರೆ ಆ ಕಾಲದ ಊರು ಹೇಗೆ ಮಾತಾಡಿರಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗಂಗೂಬಾಯಿ ಕೌಲಗಿ ಆಗಲಿಲ್ಲ. ತಾಯಿಯ ಕಡೆಯ ಊರಿನ ಹೆಸರು ಹಾನಗಲ್ಲವೇ ಕೊನೆತನಕ ಉಳಿಯಿತು. ಇಬ್ಬರು ಗಂಡುಮಕ್ಕಳು ಹುಟ್ಟಿದರು, ನಾರಾಯಣ ಮತ್ತು ಬಾಬು. ಒಬ್ಬಳು ಮಗಳು, ಕೃಷ್ಣಾ.

ಮಗಳ ಮದುವೆಯಾಗಿ ಮೂರು ವರ್ಷಕ್ಕೆ, 1932ರಲ್ಲಿ, ಅಂಬಾಬಾಯಿ ತೀರಿಕೊಂಡರು. ಮಗಳ ಮೊದಲ ಗ್ರಾಮಫೋನ್ ತಟ್ಟೆಗಳು ಬಂದದ್ದೂ ಆ ಹೊತ್ತಿನಲ್ಲೇ. ದೇಶದ ದೊಡ್ಡ ದೊಡ್ಡ ಸಂಗೀತ ಸಮ್ಮೇಳನಗಳಲ್ಲಿ ಮಗಳು ಹಾಡುವುದನ್ನು ಆ ತಾಯಿ ನೋಡಲೇ ಇಲ್ಲ.

ಗುರುರಾವ್ ಅವರ ಬಗ್ಗೆ ನನಗೆ ಬೇಸರದ ಮಾತು ಬರುವುದಿಲ್ಲ. ಹೆಂಡತಿ ಹಾಡುವುದಕ್ಕೆ ಅವರು ಅಡ್ಡ ನಿಲ್ಲಲಿಲ್ಲ. ಆ ಕಾಲಕ್ಕೆ ಇದು ಸಣ್ಣದಲ್ಲ. ಮೇಲ್ಜಾತಿಯ ಗಂಡಸಿನ ಕೈ ಹಿಡಿದ ಮೇಲೆ ಹಾಡು ಬಿಟ್ಟು "ಮರ್ಯಾದಸ್ಥ" ಗೃಹಿಣಿ ಆದ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದರು. ಆದರೆ ದುಡ್ಡಿನ ವಿಷಯದಲ್ಲಿ ಗುರುರಾಯರಿಗೆ ಅದೃಷ್ಟ ಕೂಡಿ ಬರಲಿಲ್ಲ. ವ್ಯಾಪಾರಕ್ಕೆ ಕೈ ಹಾಕಿ ಕೈ ಸುಟ್ಟುಕೊಂಡರು. ಮನೆ ನಡೆಯಬೇಕಾದದ್ದು ಗಂಗೂಬಾಯಿಯ ಹಾಡಿನಿಂದ. ಮೂರು ಮಕ್ಕಳು, ಸಾಲ, ಅದರ ನಡುವೆ ರಿಯಾಜು (ಹಾಡಿನ ಅಭ್ಯಾಸ). ಕಛೇರಿಗೆ ಕರೆ ಬಂದರೆ ಹೋಗಲೇಬೇಕು. ಮೈ ಹುಷಾರಿಲ್ಲ ಅಂತ ಹೇಳುವ ಸವಲತ್ತು ಆಕೆಗೆ ಇರಲಿಲ್ಲ.

1930ರ ದಶಕದ ಕೊನೆಗೆ ಸವಾಯಿ ಗಂಧರ್ವರು ನಾಟಕದ ತಿರುಗಾಟ ಮುಗಿಸಿ ಕುಂದಗೋಳದಲ್ಲಿ ನೆಲೆ ನಿಂತರು. ಆಗ ಗಂಗೂಬಾಯಿಗೆ ನಿಜವಾದ ತಾಲೀಮು ಸಿಕ್ಕಿತು. ಹುಬ್ಬಳ್ಳಿಯಿಂದ ಕುಂದಗೋಳ ಇಪ್ಪತ್ತು ಕಿಲೋಮೀಟರ್ ಆಸುಪಾಸು. ರೈಲು ಹತ್ತಿ ಹೋಗಬೇಕು, ಪಾಠ ಮುಗಿಸಿ ರಾತ್ರಿ ರೈಲಿಗೆ ವಾಪಸ್ ಬರಬೇಕು. ಗುರುಗಳ ಮನೆಯಲ್ಲೇ ಇದ್ದು ಕಲಿಯುತ್ತಿದ್ದ ಗದಗಿನ ಹುಡುಗ ಭೀಮಸೇನ ಜೋಶಿ ಆಕೆಯನ್ನು ಸ್ಟೇಷನ್ ತನಕ ಬಿಟ್ಟು ಬರುತ್ತಿದ್ದ. ಒಬ್ಬ ಹುಡುಗ, ಸಂಗೀತ ಬೇಕು ಅಂತ ಮನೆ ಬಿಟ್ಟು ಓಡಿದವನು. ಒಬ್ಬ ಹೆಂಗಸು, ಮನೆ ಬಿಡಲಾರದೆ ರೈಲಿನಲ್ಲಿ ಓಡಾಡಿ ಕಲಿತವಳು. ಗುರು ಒಬ್ಬರೇ, ಕಲಿತ ಚೀಜುಗಳೂ (ರಾಗದ ಹಾಡುಗಳೂ) ಅವೇ. ಆದರೆ ಇಬ್ಬರ ಹಾದಿಗೂ ಅಜಗಜಾಂತರ.

ಗಂಡಸು ಸಂಗೀತಕ್ಕಾಗಿ ಮನೆ ಬಿಟ್ಟರೆ ಅದು ದಂತಕಥೆ ಆಗುತ್ತದೆ. 1933ರಲ್ಲಿ, ಹನ್ನೊಂದು ವರ್ಷದ ಭೀಮಸೇನ ಮನೆ ಬಿಟ್ಟು ಗ್ವಾಲಿಯರ್, ಜಲಂಧರ್ ಅಂತ ಅಲೆದದ್ದನ್ನು ನಾವೆಲ್ಲ ಕಣ್ಣರಳಿಸಿ ಕೇಳಿದ್ದೇವೆ. ಅದೇ ಕೆಲಸ ಒಬ್ಬ ಹುಡುಗಿ ಮಾಡಿದ್ದರೆ ದಂತಕಥೆ ಆಗುತ್ತಿತ್ತಾ? ಗಂಗೂಬಾಯಿಗೆ ರಾತ್ರಿ ರೈಲಿಳಿದು ಮನೆಗೆ ನಡೆದು ಬರುವುದೇ ಒಂದು ಸಾಹಸ. "ಹಾಡುವಾಕಿ ಹೊಂಟಾಳ ನೋಡ್ರಿ" ಅನ್ನುವ ಮಾತು ಬೆನ್ನ ಹಿಂದೆ ಬೀಳುತ್ತಲೇ ಇತ್ತು.

ಗುರುಗಳು ಒಂದು ಸ್ವರಪುಂಜ ಕೊಟ್ಟರೆ ದಿನಗಟ್ಟಲೆ ಅದನ್ನೇ ತಿದ್ದಿಸುತ್ತಿದ್ದರಂತೆ. ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರವನ್ನು ಒಂದೊಂದಾಗಿ ಬಿಚ್ಚಬೇಕು, ಕೇಳುವವರು ಮುಂದಿನದಕ್ಕೆ ಕಾಯಬೇಕು ಅಂತ ಗುರುಗಳು ಕಲಿಸಿದ್ದನ್ನು ಗಂಗೂಬಾಯಿ ಹೇಳುತ್ತಿದ್ದರು. ಅವರ ವಿಲಂಬಿತ, ಅಂದರೆ ನಿಧಾನಗತಿಯ ಹಾಡು, ಕೇಳಿದವರಿಗೆ ಇದು ಗೊತ್ತು. ಅವಸರ ಅನ್ನುವುದೇ ಇಲ್ಲ. ಮನೆಯಲ್ಲಿ ಇಷ್ಟು ತಾಪತ್ರಯ ಇದ್ದ ಹೆಂಗಸಿನ ಹಾಡಿನಲ್ಲಿ ಇಷ್ಟು ಸಾವಧಾನ ಎಲ್ಲಿಂದ ಬಂತು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಬಹುಶಃ ದಿನದಲ್ಲಿ ಅವಸರ ಮಾಡದೆ ಇರಬಹುದಾದ ಹೊತ್ತು ಅವರಿಗೆ ಅದೊಂದೇ ಇತ್ತೇನೋ.

ಗಂಟಲಿನ ಚಿಕಿತ್ಸೆ ಆದ ಮೇಲೆ ಅವರ ದನಿ ಬದಲಾಯಿತು. ಮೊದಲಿನ ತಟ್ಟೆಗಳಲ್ಲಿ ಇರುವುದು ತೆಳುವಾದ, ಏರು ದನಿ. ನಾವು ಬಲ್ಲ ಗಂಗೂಬಾಯಿಯದು ಗಂಡಸಿನ ದನಿಯಷ್ಟು ಗಡಸು. ಬೇರೆ ಯಾರಾದರೂ ಆಗಿದ್ದರೆ ಹಾಡೇ ಮುಗಿಯಿತು ಅಂತ ಕೂತುಬಿಡುತ್ತಿದ್ದರು. ಇವರು ಆ ದನಿಗೆ ತಕ್ಕ ಹಾಗೆ ಗಾಯನವನ್ನು ಹೊಸದಾಗಿ ಕಟ್ಟಿಕೊಂಡರು.

ಈಗ ನಾನು ನಿಜಕ್ಕೂ ಹೇಳಬೇಕು ಅಂತ ಕೂತ ವಿಷಯಕ್ಕೆ ಬರುತ್ತೇನೆ.

ಗಂಗೂಬಾಯಿಯ ನಡುಹರೆಯದ ನಂತರದ ಯಾವುದಾದರೂ ಧ್ವನಿಮುದ್ರಿಕೆ ಹಾಕಿಕೊಳ್ಳಿ. ಒಳ್ಳೆಯ ಹೆಡ್‌ಫೋನ್ ಇದ್ದರೆ ಒಳ್ಳೆಯದು. ವಿಲಂಬಿತ ಶುರುವಾಗುತ್ತದೆ. ಆ ಗಡಸು ದನಿ ಮಂದ್ರಕ್ಕೆ ಇಳಿದು ಒಂದು ಸ್ವರದ ಮೇಲೆ ನಿಲ್ಲುತ್ತದೆ. ಉಸಿರು ತೆಗೆದುಕೊಳ್ಳಲು ಬಿಡುತ್ತದೆ. ಆದರೆ ಸ್ವರ ನಿಲ್ಲುವುದಿಲ್ಲ, ಗಮನಿಸಿ. ಹಿಂದಿನಿಂದ ಇನ್ನೊಂದು ದನಿ, ಸ್ವಲ್ಪ ತೆಳುವಾದದ್ದು, ಅದೇ ಸ್ವರವನ್ನು ಹಿಡಿದುಕೊಂಡಿರುತ್ತದೆ. ತಾಯಿ ಮತ್ತೆ ಶುರು ಮಾಡಿದ ಕೂಡಲೇ ಅದು ಸರಿದು ಜಾಗ ಕೊಡುತ್ತದೆ. ಮುಂದೆ ಬಡ್ಹತ್ (ರಾಗದ ವಿಸ್ತಾರ) ಬೆಳೆದು ತಾರ ಷಡ್ಜದ, ಅಂದರೆ ಮೇಲಿನ 'ಸ'ದ, ಹತ್ತಿರ ಬಂದಾಗ ಆ ತೆಳು ದನಿ ಮತ್ತೆ ಬರುತ್ತದೆ. ತಾಯಿ ಮುಟ್ಟಿದ ಷಡ್ಜವನ್ನು ಇನ್ನೊಂದಿಷ್ಟು ಹೊತ್ತು ಬೆಳಗಿಸಿ ಬಿಡುತ್ತದೆ. ಮುಖಡಾ (ಹಾಡಿನ ಮೊದಲ ತುಣುಕು) ಹಿಡಿದು ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಬರುವಾಗ ಇಬ್ಬರೂ ಕೂಡಿ ಬೀಳುತ್ತಾರೆ.

ಅದು ಕೃಷ್ಣಾ ಹಾನಗಲ್ಲ. ದಶಕಗಳ ಕಾಲ ತಾಯಿಯ ಹಿಂದೆ ಕೂತು ಸಾಥ್ ಕೊಟ್ಟವರು.

ಸಾಥ್ ಕೊಡುವುದು ಸುಲಭ ಅಂತ ತಿಳಿದವರು ಒಮ್ಮೆ ಪ್ರಯತ್ನ ಮಾಡಿ ನೋಡಬೇಕು. ಮುಂದೆ ಕೂತವರು ಯಾವ ದಾರಿ ಹಿಡಿಯುತ್ತಾರೆ ಅಂತ ಮೊದಲೇ ಗೊತ್ತಿರಬೇಕು, ಆದರೆ ಅವರಿಗಿಂತ ಮೊದಲು ಅಲ್ಲಿಗೆ ಹೋಗಬಾರದು. ರಾಗ ಪೂರ್ತಿ ಕೈಯಲ್ಲಿರಬೇಕು, ಆದರೆ ಅದನ್ನು ಪೂರ್ತಿ ತೋರಿಸಬಾರದು. ಅವಕಾಶ ಕೊಟ್ಟಾಗ ಒಂದು ಆಲಾಪ, ಎರಡು ತಾನ್ (ವೇಗದ ಸ್ವರಮಾಲೆ) ಹಾಡಿ ಸುಮ್ಮನಾಗಬೇಕು. ಚೆನ್ನಾಗಿ ಬಂತು ಅಂತ ಇನ್ನೊಂದು ತಾನ್ ಎತ್ತಿದರೆ ಕಛೇರಿಯ ತೂಕ ತಪ್ಪುತ್ತದೆ. ಸಭೆಯ ಕಣ್ಣೆಲ್ಲ ಮುಂದಿನವರ ಮೇಲೆ. ಇದನ್ನು ಒಂದು ಸಂಜೆಯಲ್ಲ, ಬದುಕಿಡೀ ಮಾಡುವುದು ಅಂದರೆ ಎಂಥ ವಿದ್ಯೆ, ಎಂಥ ಮನಸ್ಸು ಬೇಕು!

ಅಂಬಾಬಾಯಿ ನಿಲ್ಲಿಸಿದ್ದ ತಾಯಿ–ಮಗಳ ಪರಂಪರೆ ಇಲ್ಲಿ ಮತ್ತೆ ಶುರುವಾಯಿತು ಅಂತ ನನಗೆ ಕಾಣುತ್ತದೆ. ಅಜ್ಜಿ ಸುಮ್ಮನಾದಳು, ಮಗಳು ಹಾಡಿದಳು, ಮೊಮ್ಮಗಳು ಆ ಹಾಡಿನ ಉಸಿರು ತುಂಬಿದಳು. ಮೂವರ ಬದುಕೂ ಆ ಒಂದು ದನಿಯಲ್ಲಿ ಇದೆ. ಸರ್ಕಾರ ಒಬ್ಬರಿಗೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಕೊಟ್ಟಿತು. ಕೊಟ್ಟದ್ದು ಸರಿಯಾಗಿಯೇ ಇದೆ, ಅದರ ಬಗ್ಗೆ ಎರಡು ಮಾತಿಲ್ಲ.

2004ರಲ್ಲಿ ಕೃಷ್ಣಾ ಕ್ಯಾನ್ಸರ್‌ನಿಂದ ತೀರಿಕೊಂಡರು. ಗಂಗೂಬಾಯಿಗೆ ಆಗ ತೊಂಬತ್ತು ದಾಟಿತ್ತು. ಗಂಡ 1966ರಲ್ಲೇ ಹೋಗಿದ್ದರು. ಈಗ ಹಿಂದಿನಿಂದ ಸ್ವರ ಹಿಡಿಯುತ್ತಿದ್ದ ಮಗಳೂ ಹೋದಳು. ಆದರೂ 2006ರಲ್ಲಿ, ತಮ್ಮ ಹಾಡಿನ ಬದುಕಿಗೆ 75 ವರ್ಷ ತುಂಬಿದ ನೆಪದಲ್ಲಿ ಆ ತಾಯಿ ಮತ್ತೊಮ್ಮೆ ವೇದಿಕೆ ಹತ್ತಿದರು. ಅದೇ ಅವರ ಕೊನೆಯ ಕಛೇರಿ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅವರು ಹೋದರು. ಕಣ್ಣು ದಾನ ಮಾಡಿ ಹೋದರು.

ಹೀಗೆ ಮನೆಯವರೇ ಹಿಂದೆ ಕೂತ ಜೋಡಿಗಳು ಇನ್ನೂ ಇವೆ. ಧಾರವಾಡದಲ್ಲೇ ಮಲ್ಲಿಕಾರ್ಜುನ ಮನಸೂರರ ಹಿಂದೆ ಮಗ ರಾಜಶೇಖರ ಇದ್ದರು. ಹಗಲು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ, ಕಛೇರಿ ಇದ್ದರೆ ಅಪ್ಪನ ಹಿಂದೆ ತಂಬೂರಿ. ಆದರೆ ನನ್ನನ್ನು ಜಾಸ್ತಿ ಕಾಡುವುದು ನಮ್ಮ ಬೆಳಗಾವಿ ಜಿಲ್ಲೆಯ ಸೂಳೇಭಾವಿಯಿಂದ ಹೊರಟು ಮಧ್ಯಪ್ರದೇಶದ ದೇವಾಸ್‌ನಲ್ಲಿ ನೆಲೆ ನಿಂತ ಒಂದು ಮನೆ.

ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಅಂದರೆ ಥಟ್ಟನೆ ಗುರುತು ಸಿಗಲಿಕ್ಕಿಲ್ಲ. ಕುಮಾರ ಗಂಧರ್ವ ಅಂದರೆ ಎಲ್ಲರಿಗೂ ಗೊತ್ತು. ಹನ್ನೊಂದನೇ ವಯಸ್ಸಿಗೆ ಮುಂಬೈಗೆ, ಬಿ.ಆರ್. ದೇವಧರರ ಸಂಗೀತ ಶಾಲೆಗೆ ಹೋದ ಹುಡುಗ. ಅಲ್ಲೇ ಕಲಿಯುತ್ತಿದ್ದ ಭಾನುಮತಿಯವರನ್ನು 1947ರಲ್ಲಿ ಮದುವೆ ಆದರು. ಭಾನುಮತಿ ಕರಾಚಿ ಕಡೆಯವರು, ಸ್ವತಃ ಹಾಡುಗಾರ್ತಿ. ಮದುವೆ ಬೆನ್ನಿಗೇ ಕುಮಾರರಿಗೆ ಕ್ಷಯ ಅಂತ ಗೊತ್ತಾಯಿತು. ಒಣ ಹವೆ ಒಳ್ಳೆಯದು ಅಂತ 1948ರ ಜನವರಿಯಲ್ಲಿ ದೇವಾಸ್‌ಗೆ ಹೋದರು. ಹಾಡಲೇಬಾರದು ಅಂತ ವೈದ್ಯರು ಹೇಳಿದರು.

ಮುಂದಿನ ಐದಾರು ವರ್ಷಗಳ ಬಗ್ಗೆ ಬಹಳ ಬರಹ ಬಂದಿದೆ. ಮಂಚದ ಮೇಲೆ ಮಲಗಿದ ಗಾಯಕ, ಕಿಟಕಿಯಿಂದ ಬರುವ ಹಕ್ಕಿ ದನಿ, ಮಾಳವದ ಹೆಂಗಸರ ಜನಪದ ಹಾಡು, ಅದರಿಂದ ಹುಟ್ಟಿದ ಹೊಸ ಸಂಗೀತ. ಎಲ್ಲವೂ ನಿಜ. ಆದರೆ ಆ ಮಂಚದ ಪಕ್ಕದಲ್ಲಿ ಒಬ್ಬರು ಓಡಾಡುತ್ತಿದ್ದರಲ್ಲ, ಅವರ ದಿನಚರಿ ನೆನೆಸಿಕೊಳ್ಳಿ. ಭಾನುಮತಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ಅವರ ಸಂಬಳದಲ್ಲಿ ಮನೆ ನಡೆಯಿತು. ಹಗಲು ಶಾಲೆ, ಮಿಕ್ಕ ಹೊತ್ತು ಆರೈಕೆ. ಕ್ಷಯ ಅಂಟುವ ರೋಗ ಅನ್ನುವ ಭಯ ಬೇರೆ. ಸ್ಟ್ರೆಪ್ಟೋಮೈಸಿನ್ ಆಗಿನ್ನೂ ಹೊಸ ಔಷಧ. ಅದು ಸಿಕ್ಕಿ, ಗುಣವಾಗಿ, 1953ರಲ್ಲಿ ಕುಮಾರರು ಅಲಹಾಬಾದ್‌ನಲ್ಲಿ ಮತ್ತೆ ಹಾಡಿದರು. ಒಂದು ಶ್ವಾಸಕೋಶ ಕೆಟ್ಟಿತ್ತು. ಉದ್ದ ಉಸಿರಿನ ಬದಲು ಸಣ್ಣ ಸಣ್ಣ ತುಣುಕಿನಲ್ಲಿ ಮಿಂಚುವ ಗಾಯನ ಅವರದಾಯಿತು. ಆ ಮೌನದ ವರ್ಷಗಳು ಕುಮಾರರನ್ನು ಬೆಳೆಸಿದವು ಅಂತ ನಾವು ಹೇಳುತ್ತೇವೆ. ಭಾನುಮತಿಯೂ ಹಾಡುಗಾರ್ತಿಯೇ. ಅವರ ಹಾಡು ಬೆಳೆಯಬೇಕಾಗಿದ್ದ ವರ್ಷಗಳೂ ಅವೇ.

1961ರಲ್ಲಿ ಎರಡನೇ ಮಗನ ಹೆರಿಗೆಯ ಹೊತ್ತಿನಲ್ಲಿ ಭಾನುಮತಿ ತೀರಿಕೊಂಡರು. ಗಂಡನನ್ನು ಸಾವಿನ ಬಾಯಿಂದ ಎಳೆದು ತಂದ ಹೆಂಗಸು ತಾನು ಹೀಗೆ ಹೋಗಿಬಿಟ್ಟರು. ಇದನ್ನು ಬರೆಯುವಾಗ ಈಗಲೂ ಮನಸ್ಸು ಹಿಂಡುತ್ತದೆ. ದೊಡ್ಡ ಮಗ ಮುಕುಲನಿಗೆ ಆಗ ಬರೀ ಐದು ವರ್ಷ.

ಮರುವರ್ಷ ಕುಮಾರರು ವಸುಂಧರಾ ಶ್ರೀಖಂಡೆಯವರನ್ನು ಮದುವೆ ಆದರು. ಕುಮಾರರ ಹಾಡು ಕೇಳಿ, ಅವರ ಹತ್ತಿರವೇ ಕಲಿಯಬೇಕು ಅಂತ ಹಟ ಹಿಡಿದು, ಚಿಕ್ಕ ವಯಸ್ಸಿನಲ್ಲೇ ಕಲ್ಕತ್ತೆಯಿಂದ ಮುಂಬೈಗೆ ಬಂದಿದ್ದವರು ಇವರು. ಈಗ ಎರಡು ತಾಯಿಯಿಲ್ಲದ ಮಕ್ಕಳಿಗೆ ತಾಯಿ ಆದರು. ಆಮೇಲೆ ಮಗಳು ಕಲಾಪಿನಿ ಹುಟ್ಟಿದಳು. ಕುಮಾರರ ಜೊತೆ ಕೂತು ಹಾಡುತ್ತಿದ್ದ ಆ ಹೆಣ್ಣು ದನಿಯನ್ನು ನೀವು ಕೇಳಿಯೇ ಇರುತ್ತೀರಿ. ನಿರ್ಗುಣಿ ಭಜನೆಗಳಲ್ಲಿ (ರೂಪವಿಲ್ಲದ ದೇವರ ಹಾಡುಗಳಲ್ಲಿ) ಆ ಎರಡು ದನಿ ಸೇರಿದಾಗ ಒಂದನ್ನು ಬಿಟ್ಟು ಇನ್ನೊಂದನ್ನು ನೆನೆಸಿಕೊಳ್ಳಲು ಆಗುವುದಿಲ್ಲ. 1992ರ ಜನವರಿಯಲ್ಲಿ ಕುಮಾರರು ಹೋದರು. ವಸುಂಧರಾ ತಾಯಿಯ ಸ್ವಂತ ಕಛೇರಿಗಳ ಕಡೆ ಜನರ ಗಮನ ಹೋದದ್ದು ಹೆಚ್ಚಾಗಿ ಅದರ ನಂತರವೇ. ಆಗ ಅವರಿಗೆ ಅರವತ್ತು. ಪದ್ಮಶ್ರೀ ಬಂದದ್ದು 2006ರಲ್ಲಿ. ಅಷ್ಟು ದೊಡ್ಡ ಗಾಯಕಿ ಅಷ್ಟು ವರ್ಷ ಎಲ್ಲಿದ್ದರು ಅಂತ ಕೆಲವರು ಕೇಳಿದರಂತೆ. ಎಲ್ಲರ ಕಣ್ಣ ಮುಂದೆಯೇ ಇದ್ದರು, ತಂಬೂರಿ ಹಿಡಿದು.

ಭೀಮಸೇನ ಜೋಶಿಯವರ ಮನೆಯ ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ನಮ್ಮ ಕಡೆ ಅವರನ್ನು ದೇವರ ಹಾಗೆ ಕಾಣುವವರು ಜಾಸ್ತಿ, ಅವರಲ್ಲಿ ನಾನೂ ಒಬ್ಬ. ಆದರೆ ಇದೇನೂ ಗುಟ್ಟಿನ ವಿಷಯ ಅಲ್ಲ. 1944ರಲ್ಲಿ ಸೋದರಮಾವನ ಮಗಳು ಸುನಂದಾ ಕಟ್ಟಿಯವರ ಜೊತೆ ಮದುವೆ ಆಯಿತು, ನಾಲ್ವರು ಮಕ್ಕಳಾದರು. 1951ರಲ್ಲಿ ನಾಟಕದಲ್ಲಿ ಜೊತೆಗೆ ಪಾತ್ರ ಮಾಡಿದ ವತ್ಸಲಾ ಮುಧೋಳಕರರನ್ನು ಮದುವೆ ಆದರು, ಮೂವರು ಮಕ್ಕಳಾದರು. ಮುಂಬೈ ಪ್ರಾಂತ್ಯದಲ್ಲಿ ಹಿಂದೂಗಳ ಎರಡನೇ ಮದುವೆಗೆ ಆಗಲೇ ನಿಷೇಧ ಇದ್ದುದರಿಂದ ನಾಗಪುರಕ್ಕೆ ಹೋಗಿ ಮದುವೆ ಆದರು. ಸ್ವಲ್ಪ ಕಾಲ ಎಲ್ಲರೂ ಒಂದೇ ಮನೆಯಲ್ಲಿ ಇದ್ದರು. ಆಮೇಲೆ ಸುನಂದಾ ಮಕ್ಕಳನ್ನು ಕರೆದುಕೊಂಡು ಪುಣೆಯಲ್ಲೇ ಬೇರೆ ಮನೆ ಮಾಡಿದರು.

ವತ್ಸಲಾ ಅವರೂ ಹಾಡುವವರು. ಭೀಮಸೇನರ ಕಷ್ಟದ ದಿನಗಳಲ್ಲಿ, ಅವರ ಕುಡಿತದ ದಿನಗಳಲ್ಲಿ ಆ ಮನೆ ಎತ್ತಿ ಹಿಡಿದವರು. ಅವರನ್ನು ಕೆಟ್ಟವರನ್ನಾಗಿ ಮಾಡಿ ಕಥೆ ಹೇಳುವುದು ಅನ್ಯಾಯ. ಆದರೆ ಸುನಂದಾ ಅವರ ಹೆಸರನ್ನೇ ಎತ್ತದೆ ಭೀಮಸೇನರ ಜೀವನ ಹೇಳುವುದು ಅದಕ್ಕಿಂತ ದೊಡ್ಡ ಅನ್ಯಾಯ. ಅಪ್ಪ ರೇಡಿಯೋದಲ್ಲಿ ಹಾಡುತ್ತಿರುವಾಗ ಇನ್ನೊಂದು ಮನೆಯಲ್ಲಿ ಕೂತು ಕೇಳುವ ಮಕ್ಕಳ ಪಾಡು ಏನು? ಹಿರಿಯ ಮಗ ರಾಘವೇಂದ್ರ ಮುಂದೆ ಇದನ್ನೆಲ್ಲ ಬಿಚ್ಚಿಟ್ಟು ಬರೆದರು. ಅಪ್ಪನ ಹಾಡಿನ ಮೇಲೆ ಇರುವ ಹುಚ್ಚು ಪ್ರೀತಿ, ತಾಯಿಗೆ ಆದ ನೋವು, ಎರಡನ್ನೂ. ಹಾಗೆ ಎರಡನ್ನೂ ಒಟ್ಟಿಗೆ ಹಿಡಿಯಬೇಕು ಅಂತ ನನಗೂ ಅನ್ನಿಸುತ್ತದೆ. ಭೀಮಸೇನರ ಪೂರಿಯಾ ರಾಗ ಕೇಳಿದರೆ ನನಗೆ ಈಗಲೂ ಮೈ ಝುಂ ಅನ್ನುತ್ತದೆ. ಸುನಂದಾ ಅವರ ವಿಷಯ ತಿಳಿದದ್ದರಿಂದ ಅದು ಕಡಿಮೆ ಆಗಿಲ್ಲ. ಆದರೆ "ಸಂಗೀತಕ್ಕಾಗಿ ಎಲ್ಲ ಬಿಟ್ಟವರು" ಅಂತ ಯಾರಾದರೂ ಹೊಗಳಿದರೆ, ಬಿಟ್ಟದ್ದರಲ್ಲಿ ಯಾರು ಯಾರು ಇದ್ದರು ಅಂತ ಕೇಳುವ ಹಾಗೆ ಆಗಿದೆ.

ಹಾಡದೆ ಇರುವುದರ ಮಾತು ಬಂದಾಗ ಎಲ್ಲರೂ ನೆನೆಸುವ ಹೆಸರು ಅನ್ನಪೂರ್ಣಾ ದೇವಿ. ಮೈಹರಿನ ಅಲಾವುದ್ದೀನ್ ಖಾನರ ಮಗಳು, ಸಿತಾರಿನಂಥ ದೊಡ್ಡ ತಂತಿವಾದ್ಯ ಸುರ್‌ಬಹಾರ್ ನುಡಿಸುವವರು. 1941ರಲ್ಲಿ ರವಿಶಂಕರರನ್ನು ಮದುವೆ ಆದರು. ಆಮೇಲೆ ಸಾರ್ವಜನಿಕ ಕಛೇರಿ ಕೊಡುವುದನ್ನೇ ನಿಲ್ಲಿಸಿದರು. ಯಾಕೆ ನಿಲ್ಲಿಸಿದರು ಅನ್ನುವುದಕ್ಕೆ ಗಂಡ ಒಂದು ಹೇಳಿದರು, ಹೆಂಡತಿ ಒಂದು ಹೇಳಿದರು. ಅದರ ಪಂಚಾಯ್ತಿ ಮಾಡಲು ನಾನು ಹೋಗುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು ಬೇರೆ. ನುಡಿಸುವುದನ್ನು ಬಿಟ್ಟರೂ ಅವರು ಕಲಿಸುವುದನ್ನು ಬಿಡಲಿಲ್ಲ. ಮುಂಬೈನ ಮನೆಯಲ್ಲಿ ಬಾಗಿಲು ಹಾಕಿಕೊಂಡೇ ಸಿತಾರಿನ ನಿಖಿಲ್ ಬ್ಯಾನರ್ಜಿ, ಕೊಳಲಿನ ಹರಿಪ್ರಸಾದ್ ಚೌರಾಸಿಯಾ ಅವರಂಥವರಿಗೆ ಪಾಠ ಹೇಳಿದರು. ಅಂಬಾಬಾಯಿಯ ಸಂಗೀತ ಅವರ ಜೊತೆಗೇ ಹೋಯಿತು. ಅನ್ನಪೂರ್ಣಾ ದೇವಿಯವರದು ಬೇರೆಯವರ ಕೊಳಲಿನಲ್ಲಿ, ಸಿತಾರಿನಲ್ಲಿ ಉಳಿಯಿತು.

ನನ್ನ ಒಂದು ಬೇಡಿಕೆ ಇದೆ. ಹಳೆಯ ಧ್ವನಿಮುದ್ರಿಕೆಗಳನ್ನು ಯೂಟ್ಯೂಬಿಗೆ ಹಾಕುವ ಪುಣ್ಯಾತ್ಮರು ಬಹಳ ಜನ ಇದ್ದಾರೆ. ಅವರಿಂದಲೇ ನನ್ನಂಥವರಿಗೆ ಎಷ್ಟೋ ಅಪರೂಪದ ಕಛೇರಿಗಳು ಸಿಕ್ಕಿವೆ. ರಾಗದ ಹೆಸರು, ತಾಳ, ಊರು, ಇಸವಿ ಎಲ್ಲ ಹುಡುಕಿ ಬರೆಯುತ್ತಾರೆ. ತಬಲಾ ಯಾರು, ಹಾರ್ಮೋನಿಯಂ ಯಾರು ಅಂತಲೂ ಇರುತ್ತದೆ. ಹಿಂದೆ ಕೂತು ಹಾಡಿದವರ ಹೆಸರು ಮಾತ್ರ ಎಷ್ಟೋ ಸಲ ಇರುವುದಿಲ್ಲ. ಗಂಗೂಬಾಯಿಯ ವೀಡಿಯೋದ ಕೆಳಗೆ "ಎರಡನೇ ದನಿ ಯಾರದು?" ಅಂತ ಯಾರೋ ಕೇಳಿರುತ್ತಾರೆ, ಉತ್ತರ ಇರುವುದಿಲ್ಲ. ನಾನು ಕಂಡಲ್ಲೆಲ್ಲ ಬರೆಯುತ್ತಿದ್ದೇನೆ: ಕೃಷ್ಣಾ ಹಾನಗಲ್ಲ, ಮಗಳು. ನಿಮಗೆ ಗೊತ್ತಿರುವ ಹೆಸರುಗಳನ್ನು ನೀವೂ ಬರೆಯಿರಿ. ಎಲ್ಲಾದರೂ ಅಂಬಾಬಾಯಿಯವರ ಹಾಡು ಕೇಳಿದ್ದ ಅಜ್ಜಿ–ಮುತ್ತಜ್ಜಿಯರ ಮಾತು ನಿಮ್ಮ ಮನೆಯಲ್ಲಿ ಉಳಿದಿದ್ದರೆ ಅದನ್ನು ದಯವಿಟ್ಟು ನನಗೆ ತಿಳಿಸಿ.